ನವೆಂಬರ್ 20: ಕೊಲೆಯಾದವರ ಹೆಸರು ಓದುವ ದಿನ

ಪ್ರತಿ ವರ್ಷ ನವೆಂಬರ್ 20ರಂದು ಹಲವು ದೇಶಗಳಲ್ಲಿ ಜನ ಒಂದೆಡೆ ಸೇರಿ, ಮೇಣದ ಬತ್ತಿ ಹಚ್ಚಿ, ಒಂದು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಅದರಲ್ಲಿರುವುದು ಆ ವರ್ಷ ಹಿಂಸೆಗೆ ಬಲಿಯಾದ ಮಂಗಳಮುಖಿಯರ, ಲಿಂಗ ಪರಿವರ್ತಿತರ ಹೆಸರುಗಳು. ಇದಕ್ಕೆ ಟ್ರಾನ್ಸ್‌ಜೆಂಡರ್ ಸ್ಮರಣಾ ದಿನ ಎನ್ನುತ್ತಾರೆ. ತಮಿಳಿನಲ್ಲಿ ತಿರುನಂಗೈ, ಮರಾಠಿಯಲ್ಲಿ ತೃತೀಯಪಂಥಿ ಎಂದು ಗಡಿಭಾಗದವರು ಕೇಳಿ ಬಲ್ಲ ಜನರದೇ ಈ ದಿನ.

ಶುರುವಾದದ್ದು ಹೇಗೆ?

1998ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ರೀಟಾ ಹೆಸ್ಟರ್ ಎಂಬ ಆಫ್ರಿಕನ್ ಮೂಲದ ಟ್ರಾನ್ಸ್‌ಜೆಂಡರ್ ಮಹಿಳೆಯನ್ನು ಆಕೆಯ ಮನೆಯಲ್ಲೇ ಇರಿದು ಕೊಲ್ಲಲಾಯಿತು. ಆಕೆಗೆ 35 ತುಂಬಲು ಎರಡೇ ದಿನ ಬಾಕಿ ಇತ್ತು. ಕೆಲವು ಪತ್ರಿಕೆಗಳು ಆಕೆಯನ್ನು ಗಂಡಸೆಂದೇ ಬರೆದವು. ಡಿಸೆಂಬರ್ 4ರಂದು ಸುಮಾರು 250 ಜನ ಮೇಣದ ಬತ್ತಿ ಹಿಡಿದು ಆಕೆಯ ಮನೆಯವರೆಗೆ ನಡೆದರು. ಬಾಗಿಲ ಬಳಿ ತಾಯಿ, ಮನೆಯವರು ಮಂಡಿಯೂರಿ ಪ್ರಾರ್ಥಿಸಿದರು. 20 ವರ್ಷ ಕಳೆದರೂ ಕೊಲೆಗಾರ ಪತ್ತೆಯಾಗಿರಲಿಲ್ಲ.

ಬಾಸ್ಟನ್ ಪಕ್ಕದ ಊರಿನಲ್ಲಿ 1995ರಲ್ಲಿ ಶನೆಲ್ ಪಿಕೆಟ್ ಎಂಬಾಕೆಯ ಕೊಲೆಯೂ ಆಗಿತ್ತು. ಮೂರೇ ವರ್ಷಕ್ಕೆ ಆ ಹೆಸರು ಜನರಿಗೆ ಮರೆತುಹೋಗಿದ್ದನ್ನು ಕಂಡು ನೊಂದ ಗ್ವೆಂಡೊಲಿನ್ ಆನ್ ಸ್ಮಿತ್, ಸತ್ತವರ ಹೆಸರುಗಳನ್ನು ಕೂಡಿಸತೊಡಗಿದರು. 1999ರಲ್ಲಿ ಮೊದಲ ಸ್ಮರಣೆ ನಡೆಯಿತು.

ಎಲ್ಲ ಧರ್ಮದವರೂ ಏಕೆ?

ಕೊಲೆಯಾದವರು ಒಂದೇ ಧರ್ಮದವರಲ್ಲ. ಹೀಗಾಗಿ ಎಷ್ಟೋ ಕಡೆ ಈ ಸ್ಮರಣೆ ಸರ್ವಧರ್ಮ ಸಭೆಯಾಗಿಯೇ ನಡೆಯುತ್ತದೆ. ಚರ್ಚುಗಳಲ್ಲಿ ದೀಪ ಹಚ್ಚುತ್ತಾರೆ. ಯಹೂದಿ ಮಂದಿರಗಳಲ್ಲಿ ಸತ್ತವರಿಗಾಗಿ ಹೇಳುವ ಕದ್ದಿಷ್ ಪ್ರಾರ್ಥನೆ ಹೇಳುತ್ತಾರೆ. ಪ್ರಾರ್ಥನೆ ಬೇರೆ ಬೇರೆಯಾದರೂ ಹೆಸರು ಓದುವುದು ಎಲ್ಲ ಕಡೆಯೂ ಒಂದೇ.

ನಮ್ಮ ಕಡೆ

ತಮಿಳುನಾಡಿನ ಕೂವಾಗಂನಲ್ಲಿ ಚಿತ್ತಿರೈ ತಿಂಗಳಲ್ಲಿ ತಿರುನಂಗೈಯರು ಅರ್ಜುನನ ಮಗ ಅರಾವಾನನ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತಾರೆ. ಮರುದಿನ ಅವನು ಬಲಿಯಾದನೆಂದು ತಾಳಿ ತೆಗೆದು, ಬಳೆ ಒಡೆದು, ಬಿಳಿ ಸೀರೆ ಉಟ್ಟು ಅಳುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪಗಳ ಸೇವೆಯನ್ನು ಸೊಲ್ಲಾಪುರ, ಜತ್ತ ಕಡೆಯ ಭಕ್ತರೂ ಕಂಡಿದ್ದಾರೆ. ದೇವರ ಮುಂದೆ ಇವರಿಗೆ ಜಾಗವಿದೆ. ಇವರೇ ಕೊಲೆಯಾದಾಗ ಅಳುವವರು ಮಾತ್ರ ಕಡಿಮೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. 2019ರ ಕಾಯ್ದೆ ಇವರ ಮೇಲಿನ ದೈಹಿಕ, ಲೈಂಗಿಕ ದೌರ್ಜನ್ಯಕ್ಕೆ ಆರು ತಿಂಗಳಿಂದ ಎರಡು ವರ್ಷ ಜೈಲು ಎಂದು ಗೊತ್ತುಪಡಿಸಿತು. ಆಗ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಶಿಕ್ಷೆ ಇತ್ತು. ನಮ್ಮ ಜೀವಕ್ಕೆ ಬೆಲೆ ಕಡಿಮೆಯೇ ಎಂದು ಸಮುದಾಯದವರು ಪ್ರತಿಭಟಿಸಿದರು.

ಈ ದಿನ ಆಚರಿಸಲು ದೊಡ್ಡ ಸಭೆಯೇ ಬೇಕಿಲ್ಲ. ಊರಿನಲ್ಲಿ ಇಂಥವರ ಮೇಲೆ ಹಲ್ಲೆಯಾದರೆ ಜೊತೆಗೆ ಠಾಣೆಗೆ ಹೋಗಿ ದೂರು ಬರೆಸಬಹುದು. ತೀರಿಕೊಂಡರೆ, ಅವರು ತಾವೇ ಇಟ್ಟುಕೊಂಡ ಹೆಸರು ಹೇಳಿ ಮಣ್ಣು ಹಾಕಬಹುದು.