ಸಮುದ್ರಶೈವಲದಲ್ಲಿ ಮದ್ದಿನ ಅನ್ವೇಷಣೆ

ಕನ್ನಡದ ‘ಮದ್ದು’ ಎಂಬ ಪದವು ವಿಚಾರಾರ್ಹವಾದುದು. ರೋಗವನ್ನು ಕಳೆಯುವುದೂ ಮದ್ದೇ. ‘ಮದ್ದು ಹಾಕಿದರು’ ಎಂದಾಗ ಪ್ರಾಣಕ್ಕೆ ಎರವಾಗುವುದೂ ಮದ್ದೇ. ಈ ಎರಡರ್ಥವು ರಸಾಯನಶಾಸ್ತ್ರದಲ್ಲಿಯೂ ಸಲ್ಲುವುದೆಂಬುದಕ್ಕೆ ಜಪಾನಿನ ಕಡಲಿನ ಎರಡು ಕೆಂಪು ಶೈವಲಗಳ ವೃತ್ತಾಂತವೇ ಸಾಕ್ಷಿ.

ಶೈವಲವೆಂದರೆ ಪಾಚಿಯ ಜಾತಿ. ಡಿಜಿನಿಯ ಸಿಂಪ್ಲೆಕ್ಸ್ ಎಂಬ ಕಡಲ ಶೈವಲವನ್ನು ಜಪಾನೀಯರು ‘ಕೈನಿನ್‌ಸೋ’ ಎನ್ನುವರು. ಹೊಟ್ಟೆಯ ಜಂತುಹುಳುಗಳಿಗೆ ಇದರ ಕಷಾಯವನ್ನು ಕುಡಿಸುವುದು ಅಲ್ಲಿ ಶತಮಾನಗಳಿಂದ ಬಂದ ರೂಢಿ. ಕಷಾಯದಲ್ಲಾದರೋ ಲವಣ, ಶರ್ಕರ, ಅಂಟು, ಬಣ್ಣ ಮೊದಲಾದ ಅನೇಕ ದ್ರವ್ಯಗಳು ಬೆರೆತಿರುತ್ತವೆ. ಇವುಗಳಲ್ಲಿ ಹುಳುವನ್ನು ಹೊರಹಾಕುವ ದ್ರವ್ಯ ಯಾವುದು?

ಇದನ್ನು ಅರಿಯುವ ಕ್ರಮವು ಬತ್ತವನ್ನು ಕುಟ್ಟಿ, ಕೇರಿ, ಕಾಳನ್ನು ಆರಿಸಿದಂತೆ. ಶೈವಲವನ್ನು ಒಣಗಿಸಿ, ಪುಡಿಮಾಡಿ, ನೀರಿನಲ್ಲಿಯೋ ಮದ್ಯಸಾರದಲ್ಲಿಯೋ ಅದರ ಸಾರವನ್ನು ಇಳಿಸುವರು. ಆ ಸಾರವನ್ನು ಹಲವು ಭಾಗಗಳಾಗಿ ವಿಂಗಡಿಸಿ ಒಂದೊಂದರ ಗುಣವನ್ನೂ ಪರೀಕ್ಷಿಸುವರು. ಗುಣವಿರುವ ಭಾಗವನ್ನು ಉಳಿಸಿಕೊಂಡು ಪುನಃ ವಿಂಗಡಿಸುವರು, ಪುನಃ ಪರೀಕ್ಷಿಸುವರು. ಕೊನೆಗೆ ಉಳಿಯುವ ಏಕಮಾತ್ರ ಶುದ್ಧದ್ರವ್ಯದ ಅಣುರಚನೆಯನ್ನು ನಿರ್ಣಯಿಸುವರು. ಪರೀಕ್ಷೆಯಿಲ್ಲದ ವಿಂಗಡಣೆಯು ಕಣ್ಣು ಕಟ್ಟಿಕೊಂಡು ನಡೆದಂತಾಗುತ್ತದೆ.

ಹೀಗೆ 1953ರಲ್ಲಿ ಮುರಕಾಮಿ, ತಾಕೆಮೊತೊ, ಶಿಮಿಜು ಎಂಬ ವಿಜ್ಞಾನಿಗಳು ಈ ಶೈವಲದಿಂದ ‘ಕೈನಿಕ್ ಆಮ್ಲ’ವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಶೈವಲದ ಹೆಸರೇ ಆಮ್ಲದ ಹೆಸರಿಗೆ ಮೂಲ. ಇದರ ಅಣುವಿನಲ್ಲಿ ಗ್ಲುಟಾಮಿಕ್ ಆಮ್ಲದ ಆಕಾರವು ಅಡಕವಾಗಿದೆ. ನರಗಳ ನಡುವೆ ಸಂದೇಶವನ್ನೊಯ್ಯುವುದು ಗ್ಲುಟಾಮಿಕ್ ಆಮ್ಲ. ಕೈನಿಕ್ ಆಮ್ಲವು ಕಳ್ಳಕೀಲಿಯಂತೆ ಅದೇ ಬೀಗದಲ್ಲಿ ಹೊಕ್ಕು ನರವನ್ನು ಅತಿಯಾಗಿ ಕೆರಳಿಸುತ್ತದೆ. ಅದರಿಂದ ಹುಳುವು ಸ್ವಾಧೀನ ತಪ್ಪಿ, ಕರುಳಿನ ಹಿಡಿತವನ್ನು ಬಿಟ್ಟು ಹೊರಬೀಳುತ್ತದೆ.

ಆದರೆ ನರವು ಹುಳುವಿಗೆ ಮಾತ್ರವಿರುವುದಲ್ಲ. ಇದೇ ದ್ರವ್ಯವನ್ನು ಪ್ರಾಣಿಗಳ ಮೆದುಳಿಗೆ ನೇರವಾಗಿ ಸೇರಿಸಿದರೆ ನರಕೋಶಗಳು ಸಾಯುವುವೆಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಅಂದಿನಿಂದ ಇದು ಅಪಸ್ಮಾರದ ಸಂಶೋಧನೆಗೆ ಉಪಕರಣವಾಯಿತು.

ಇದರ ಸೋದರದ್ರವ್ಯವೇ ಡೊಮೊಯಿಕ್ ಆಮ್ಲ. ಜಪಾನಿನಲ್ಲಿ ‘ದೊಮೊಯಿ’ ಎನಿಸಿಕೊಂಡ ಕಾಂಡ್ರಿಯ ಆರ್ಮೇಟ ಎಂಬ ಶೈವಲದಿಂದ ಇದನ್ನು 1958ರಲ್ಲಿ ಗುರುತಿಸಿದರು. ಇದೂ ಜಂತುಹುಳುಗಳಿಗೆ ಮದ್ದಾಗಿತ್ತು. ಆದರೆ 1987ರಲ್ಲಿ ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸೆಲ್ ಎಂಬ ಚಿಪ್ಪುಜೀವಿಗಳನ್ನು ತಿಂದ ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರು. ಕೆಲವರು ಮೃತರಾದರು, ಕೆಲವರು ಜ್ಞಾಪಕಶಕ್ತಿಯನ್ನೇ ಕಳೆದುಕೊಂಡರು. ವಿಜ್ಞಾನಿಗಳು ಅದೇ ವಿಂಗಡಣೆ-ಪರೀಕ್ಷೆಗಳ ಕ್ರಮವನ್ನು ಅನುಸರಿಸಿ, ವಿಷವು ಡೊಮೊಯಿಕ್ ಆಮ್ಲವೆಂದು ಕೆಲವೇ ದಿನಗಳಲ್ಲಿ ಕಂಡುಹಿಡಿದರು. ಡಯಾಟಮ್ ಎಂಬ ಸೂಕ್ಷ್ಮಶೈವಲವು ಅದನ್ನು ಉತ್ಪಾದಿಸಿತ್ತು. ಚಿಪ್ಪುಜೀವಿಗಳು ಆ ಶೈವಲವನ್ನು ತಿಂದು ವಿಷವನ್ನು ಮೈಯಲ್ಲಿ ಸಂಚಯಿಸಿಕೊಂಡಿದ್ದವು. ಮದ್ದನ್ನು ಹುಡುಕಿದವರ ಹಿಂದಿನ ಶ್ರಮವು ವಿಷವನ್ನು ಗುರುತಿಸುವುದಕ್ಕೂ ನೆರವಾಯಿತು.

ಆದುದರಿಂದ ಪ್ರಕೃತಿಯಿಂದ ದೊರೆತುದೆಲ್ಲ ನಿರಪಾಯವೆಂದು ನಂಬುವುದು ಸಲ್ಲದು. ಹಿರಿಯರ ಮದ್ದೆಲ್ಲ ಮೌಢ್ಯವೆಂದು ತಳ್ಳುವುದೂ ಸಲ್ಲದು. ರೂಢಿಯು ದಾರಿಯನ್ನು ತೋರುತ್ತದೆ; ಪರೀಕ್ಷೆಯು ದ್ರವ್ಯವನ್ನೂ ಅದರ ಪ್ರಮಾಣವನ್ನೂ ನಿರ್ಣಯಿಸುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಗೌರವಿಸಲಿ. ಒರೆಗೆ ಹಚ್ಚದೆ ಯಾವುದನ್ನೂ ಚಿನ್ನವೆನ್ನದಿರಲಿ. ಒರೆಗೆ ಹಚ್ಚುವ ಮುನ್ನ ಯಾವುದನ್ನೂ ಎಸೆಯದಿರಲಿ.