ಮತ್ತೆ ಮತ್ತೆ ಉರಿಯುವ ಎಬಿಎಸ್ ದೀಪ

ಜೋರಾಗಿ ಬ್ರೇಕು ತುಳಿದಾಗ ಗಾಲಿ ಬಿಗಿದು ಗಾಡಿ ಜಾರದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. ಓಡುವಾಗ ಅದರ ದೀಪ ಉರಿದರೆ ಈ ರಕ್ಷಣೆ ನಿಂತು ಸಾದಾ ಬ್ರೇಕು ಮಾತ್ರ ಉಳಿದಿದೆಯೆಂದು ತಿಳಿಯಿರಿ. ಕೆಂಪು ಬ್ರೇಕ್ ದೀಪವೂ ಉರಿದರೆ ಗಾಡಿ ಓಡಿಸಬಾರದು.

ಮುರಗೋಡ ಭಾಗದ ಎರೆಮಣ್ಣು ಗಾಲಿಗೆ ಮೆತ್ತುವುದು ನಿಮಗೆ ಗೊತ್ತಿದ್ದದ್ದೇ. ವೇಗ ಅಳೆಯುವ ಸೆನ್ಸರಿಗೂ ಕೆಸರು, ಕಬ್ಬಿಣದ ಪುಡಿ ಅಂಟಿದರೆ ಸಂಕೇತ ತಪ್ಪುತ್ತದೆ. ಹಳೆಯ ಗಾಡಿಯಲ್ಲಿ ಈ ಕ್ರಮ ಅನುಸರಿಸಿರಿ:

1. ಬ್ಯಾಟರಿ, ಫ್ಯೂಸ್ ಪರೀಕ್ಷಿಸಿರಿ.
2. ಗಾಲಿಗೆ ಕಲ್ಲು ಕೊಟ್ಟು, ಸೆನ್ಸರನ್ನು ಬಟ್ಟೆಯಿಂದ ಒರೆಸಿರಿ. ತಂತಿ ಸವೆದಿದೆಯೇ, ಹಲ್ಲಿನ ಬಳೆ ಬಿರುಕು ಬಿಟ್ಟಿದೆಯೇ ನೋಡಿರಿ.
3. ಗಾಲಿ ಅಲುಗಾಡಿದರೆ ಬೇರಿಂಗ್ ತೋರಿಸಿರಿ.
4. ಆದರೂ ದೀಪ ಆರದಿದ್ದರೆ ಸ್ಕ್ಯಾನರಿನಿಂದ ಕೋಡ್ ಓದಿಸಿರಿ.

ರೋಗ ಗುರುತಿಸದೆ ಔಷಧಿ ಸಿಂಪಡಿಸಿದರೆ ಹಣ ದಂಡ. ದೋಷ ಯಾವ ಗಾಲಿಯದೆಂದು ತಿಳಿದ ಮೇಲೆಯೇ ಬಿಡಿಭಾಗ ಕೊಳ್ಳಿರಿ.