ಯಾವ ಮಾತು ಅಪರಾಧ, ಯಾವುದು ಅಲ್ಲ?

‘ಸರ್ಕಾರದ ತಪ್ಪು ಹೇಳಿದರೆ ಯುಎಪಿಎ ಹಾಕ್ತಾರಂತೆ’ ಎಂಬ ಮಾತು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಹೆದರಿಕೆಯೂ ಇದೆ, ಗೊಂದಲವೂ ಇದೆ. ಕಾನೂನು ಏನನ್ನುತ್ತದೆ ಅಂತ ತಾಳ್ಮೆಯಿಂದ ನೋಡೋಣ.

ಯುಎಪಿಎ ಅಂದರೆ 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ. ಕೃತ್ಯದ ಜೊತೆಗೆ ಮಾತು, ಬರಹ, ಸಂಕೇತಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಭಾರತದ ವಿರುದ್ಧ ‘ಅಪ್ರೀತಿ’ ಹುಟ್ಟಿಸುವುದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಅಪ್ರೀತಿ ಅಂದರೆ ಏನು? ಕಾಯ್ದೆ ಅದನ್ನು ಬಿಡಿಸಿ ಹೇಳಿಲ್ಲ. ಮದ್ದುಗುಂಡು ಸಿಕ್ಕರೆ ಎಣಿಸಿ ಪಂಚನಾಮೆ ಬರೆಯಬಹುದು. ಮಾತಿಗೆ ಹಾಗಾಗುವುದಿಲ್ಲ. ಹೇಳಿದವರ ಉದ್ದೇಶ, ಹೇಳಿದ ಸಂದರ್ಭ ಎರಡನ್ನೂ ತೂಗಬೇಕು. ಒಂದು ಸಾಲಿನ ಹಿಂದೆ ಮುಂದೆ ಓದದೆ ಅರ್ಥ ಹೇಳಬಾರದು ಅಂತ ನಾವು ಮಕ್ಕಳಿಗೆ ಕಲಿಸುವುದೂ ಇದನ್ನೇ.

2015ರಲ್ಲಿ ಐಟಿ ಕಾಯ್ದೆಯ 66ಎ ಕಲಂ ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಮೂರು ಮೆಟ್ಟಿಲು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಜನರಿಗೆ ಹಿಡಿಸದ ವಿಚಾರವಾದರೂ ಮೊದಲ ಎರಡಕ್ಕೆ ಸಂವಿಧಾನದ ರಕ್ಷಣೆ ಇದೆ. ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ನಿರ್ಬಂಧ. ಆದರೆ ಯುಎಪಿಎಯ 18ನೇ ಕಲಂನಲ್ಲಿ ಭಯೋತ್ಪಾದಕ ಕೃತ್ಯದ ಪ್ರತಿಪಾದನೆ, ಪ್ರಚೋದನೆ ಎರಡೂ ಒಂದೇ ಸಾಲಿನಲ್ಲಿವೆ. ತೊಡಕು ಇರುವುದು ಇಲ್ಲೇ.

ಗೆರೆ ಎಳೆಯಲು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಬೀದರ್ ಸಾಕ್ಷಿ. ಅದು ಯುಎಪಿಎ ಅಲ್ಲ, ದೇಶದ್ರೋಹದ ಕೇಸು. ಪ್ರಶ್ನೆ ಮಾತ್ರ ಅದೇ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆ ಕುರಿತು ನಾಟಕ ಆಡಿದರು. ಮುಖ್ಯ ಶಿಕ್ಷಕಿ, ಒಬ್ಬ ಮಗುವಿನ ತಾಯಿ ಇಬ್ಬರೂ ಜೈಲು ಸೇರಿದರು. ನಾಟಕದಲ್ಲಿ ಹಿಂಸೆಗೆ ಪ್ರಚೋದನೆ ಇಲ್ಲವೆಂದು ಹೈಕೋರ್ಟ್ ಕೇಸು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಆ ತಾಯಿಗೆ ಎರಡು ವಾರದಲ್ಲಿ ಜಾಮೀನಾದರೂ ಸಿಕ್ಕಿತ್ತು. ಯುಎಪಿಎಯ ಭಯೋತ್ಪಾದನೆ ಕಲಂಗಳಲ್ಲಿ ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನೇ ಇಲ್ಲ.

ಹಾಗಂತ ಬಾಯಿ ಮುಚ್ಚಿ ಕೂರಬೇಕಿಲ್ಲ. ಟೀಕೆ ಮಾಡುವುದು, ಪ್ರಶ್ನೆ ಕೇಳುವುದು ನಮ್ಮ ಹಕ್ಕು. ‘ಹೊಡಿ, ಸುಡು’ ಅನ್ನುವ ಮಾತು ಯಾರದ್ದಾದರೂ ಮುಂದೆ ಕಳಿಸಬಾರದು. ಪೊಲೀಸರು ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಈ ವ್ಯತ್ಯಾಸ ಮನೆಯ ಮಕ್ಕಳಿಗೆ ಗೊತ್ತಿರಲಿ.